ಆರ್ವೋನ ಮೌಂಟು

ದುರ್ಬೀನು ಇರುವುದು ಕಣ್ಣಿಲ್ಲದವರಿಗೆ ಎಂದು ಆರ್ವೋ ನಿಸ್ಕನೆನ್ ನಲವತ್ತು ವರ್ಷಗಳಿಂದ ಸಾರುತ್ತ ಬಂದಿದ್ದ. ಸೌನಾದ ಆವಿಯಲ್ಲಿ ಬೆವರುತ್ತ ಸಾರಿದ್ದ, ಚರ್ಚಿನ ಕಾಫಿ ಮೇಜಿನ ಮುಂದೆ ಸಾರಿದ್ದ, ಒಮ್ಮೆ ಸ್ವಂತ ಮಾವನನ್ನು ಮಣ್ಣು ಮಾಡುವ ಹೊತ್ತಿಗೆ ಪಕ್ಕದವನ ಕಿವಿಯಲ್ಲೂ ಸಾರಿದ್ದ. ರೈಫಲ್ಲಿನ ನೆತ್ತಿಗೆ ದುರ್ಬೀನು ಕಟ್ಟಿಕೊಂಡು ಜಿಂಕೆ ಹೊಡೆಯುವವನಿಗಿಂತ ಅಂಗಡಿಯಿಂದ ಮಾಂಸ ತರುವವನು ಮರ್ಯಾದಸ್ಥ ಎಂಬುದು ಅವನ ಸಿದ್ಧಾಂತ. ಸುಪೀರಿಯರ್ ಸರೋವರದ ದಂಡೆಯ ಕೊರ್ಪಿಲಾ ಎಂಬ ಆ ಸಣ್ಣ ಊರಿನಲ್ಲಿ ಇದನ್ನು ಕೇಳಿ ಬೇಸತ್ತಿರದ ಜೀವ ಇರಲಿಲ್ಲ.

ಮಾತಿಗೆ ತಕ್ಕ ಸಾಕ್ಷಿಯೂ ಅವನ ಮನೆಯ ಗೋಡೆಯ ಮೇಲಿತ್ತು. ಕಳೆದ ನಾಲ್ಕು ವರ್ಷ ಹೊಡೆದ ನಾಲ್ಕು ಗಂಡು ಜಿಂಕೆಗಳ ತಲೆ, ಒಳಗೆ ತುಂಬಿ, ಗಾಜಿನ ಕಣ್ಣಿಟ್ಟು, ಹಲಗೆಗೆ ಬಿಗಿದದ್ದು. ಪ್ರತಿಯೊಂದರ ಕೆಳಗೂ ಒಂದು ಹಿತ್ತಾಳೆ ಫಲಕ. ಅದರಲ್ಲಿ ವರ್ಷ, ಹೆಸರು, ಹೆಸರಿನ ಕೆಳಗೆ ಆರ್ವೋ ತಾನೇ ಹೇಳಿ ಕೆತ್ತಿಸಿದ ಒಂದೇ ಒಂದು ಪದ: ದುರ್ಬೀನಿಲ್ಲದೆ.

ಇಂಥ ಆರ್ವೋಗೆ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ದುರ್ಬೀನು ಬೇಕಾಯಿತು.

ಐದು ವರ್ಷಗಳಿಂದ ಅವನ ಎರಡೂ ಕಣ್ಣಿನ ನಟ್ಟನಡುವೆ ಒಂದು ಬೂದು ಮಚ್ಚೆ ಕೂತಿತ್ತು. ಎದುರಿನವರನ್ನು ನೆಟ್ಟಗೆ ನೋಡಿದರೆ ಮುಖ ಮಾಯವಾಗಿ ಎರಡು ಕಿವಿ ಉಳಿಯುತ್ತಿದ್ದವು. ಕತ್ತನ್ನು ಓರೆ ಮಾಡಿ ಕಣ್ಣಂಚಿನಿಂದ ನೋಡಿದರೆ ಅಷ್ಟಿಷ್ಟು ಕಾಣುತ್ತಿತ್ತು. ದೂರದ ಪಟ್ಟಣದ ಡಾಕ್ಟರು ಇದು ಹೋಗುವ ಮಚ್ಚೆಯಲ್ಲ, ಬೆಳೆಯುವ ಮಚ್ಚೆ ಎಂದಿದ್ದರು. ಆ ದಿನ ಅಣ್ಣ ಸುಲೋ ಓಡಿಸಿದ ಗಾಡಿಯಲ್ಲಿ ಹೋಗಿ, ಅವನಿಗೂ ಹೆಂಡತಿ ಹೆಲ್ಮಿಗೂ ಗರಗಸದ ಎಣ್ಣೆ ತರಬೇಕೆಂದು ಸುಳ್ಳು ಹೇಳಿ, ಸುಳ್ಳಿಗೆ ತೂಕ ಬರಲೆಂದು ಎರಡು ಡಬ್ಬಿ ಎಣ್ಣೆಯನ್ನೂ ತಂದಿದ್ದ. ಎರಡು ಡಬ್ಬಿ ಎಣ್ಣೆಗೆ ಎರಡು ಗಂಟೆ ಯಾಕಾಯಿತೆಂದು ಸುಲೋ ಕೇಳಲಿಲ್ಲ. ಅವನು ಕೇಳುವ ಜಾತಿಯ ಮನುಷ್ಯನೇ ಅಲ್ಲ.

ಸುಲೋ ಮೂರು ವರ್ಷಕ್ಕೆ ದೊಡ್ಡವನು, ಮದುವೆಯಾಗದವನು, ಬೀದಿಯಾಚೆ ಒಂಟಿ ಮನೆಯಲ್ಲಿ ಇದ್ದವನು. ಐವತ್ತು ವರ್ಷ ಇಬ್ಬರೂ ಶಿಕಾರಿಯ ಕಾಲ ಶುರುವಾಗುವ ನವೆಂಬರ್ ಹದಿನೈದರ ಬೆಳಿಗ್ಗೆ, ಜಿಂಕೆಗೆ ಕಾಣದಂತೆ ಅಡಗಿ ಕೂರುವ ಒಂದೇ ಮರಸಿನಲ್ಲಿ, ಒಂದೇ ಬೆಂಚಿನ ಮೇಲೆ, ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಆರ್ವೋನ ಕೈಯಲ್ಲಿ ಅಪ್ಪನ ರೈಫಲ್. ಸೈನ್ಯ ತನಗೆ ಸಾಕೆಂದು ಮಾರಿದ್ದನ್ನು ಅಪ್ಪ ಅಂಚೆಯಲ್ಲಿ ತರಿಸಿದ್ದು. ಒಂದು ಈಡು ಹಾರಿದೊಡನೆ ಮುಂದಿನ ತೋಟಾವನ್ನು ತಾನೇ ಏರಿಸಿಕೊಳ್ಳುವಂಥದ್ದು, ತುಂಬಿದ್ದೆಲ್ಲ ಮುಗಿದಾಗ ತೋಟಾ ಹಿಡಿದಿದ್ದ ತಗಡಿನ ಪಟ್ಟಿಯನ್ನು ಟಿಂಗ್ ಎಂದು ನೆತ್ತಿಯ ಮೇಲಿಂದ ಉಗಿಯುವಂಥದ್ದು. ಸುಲೋನ ಕೈಯಲ್ಲಿ ದುರ್ಬೀನು ಕಟ್ಟಿದ ಸಾಧಾರಣ ಬಂದೂಕು.

ಕಳೆದ ನಾಲ್ಕು ವರ್ಷ ಆರ್ವೋ ಬೆಳಗಾದ ಮೇಲೂ ಇವತ್ತು ಬೆಳಕು ಸಾಲದು ಎನ್ನುತ್ತಿದ್ದ. ಹೌದು, ಬೆಳಕು ಸಾಲದು ಎಂದು ಸುಲೋ ಒಪ್ಪಿಕೊಳ್ಳುತ್ತಿದ್ದ. ಆಮೇಲೆ ಅವನೇ ಪಿಸುಗುಟ್ಟುತ್ತಿದ್ದ: ಒಣಗಿದ ಬರ್ಚ್ ಮರದ ಎಡಕ್ಕೆ, ಇನ್ನೊಂದು ಚೂರು ಎಡಕ್ಕೆ, ಹಾಂ, ಅಲ್ಲೇ. ಮತ್ತೆ ಅಜ್ಜಿಯ ಫಿನ್ನಿಶ್ ಭಾಷೆಯಲ್ಲಿ ಒಂದು ಎರಡು ಮೂರು ಎಣಿಸುತ್ತಿದ್ದ. ಉಕ್ಸಿ, ಕಾಕ್ಸಿ, ಕೋಲ್ಮೆ. ಕೋಲ್ಮೆಗೆ ಆರ್ವೋ ರೈಫಲ್ಲಿನ ಕುದುರೆ ಎಳೆಯುತ್ತಿದ್ದ, ಜಿಂಕೆ ಬೀಳುತ್ತಿತ್ತು. ನಾಲ್ಕು ವರ್ಷ, ನಾಲ್ಕು ಈಡು, ನಾಲ್ಕು ಜಿಂಕೆ. ಸುಲೋಗೆ ಮಾತ್ರ ಆ ನಾಲ್ಕೂ ವರ್ಷ ಏನೂ ಸಿಗಲಿಲ್ಲ.

ಕಾಡಿನೊಳಗಿನ ಅವರ ಶಿಕಾರಿ ಮನೆಯಲ್ಲಿ ಒಂದು ಪದ್ಧತಿ. ಬರಿಗೈಯಲ್ಲಿ ಬಂದವನ ಅಂಗಿಯ ಹಿಂದಿನ ತುದಿಯನ್ನು ಎಲ್ಲರೆದುರು ಕತ್ತರಿಸಿ ಗೋಡೆಗೆ ಮೊಳೆ ಹೊಡೆಯುವುದು. ನಾಲ್ಕು ವರ್ಷವೂ ಸುಲೋನ ಅಂಗಿ ಕತ್ತರಿಸಿದವನು ಆರ್ವೋ. ಕತ್ತರಿ ಆಡಿಸುತ್ತ, ದುರ್ಬೀನಿದ್ದೂ ಬರಿಗೈಯಾ ಅಣ್ಣಾ ಎಂದು ಎಲ್ಲರನ್ನೂ ನಗಿಸುತ್ತಿದ್ದ. ಸುಲೋ ಬೆನ್ನು ತಿರುಗಿಸಿಕೊಂಡು ಸುಮ್ಮನೆ ನಿಲ್ಲುತ್ತಿದ್ದ. ಇಬ್ಬರಿಗೂ ಪ್ರತಿವರ್ಷ ಒಂದೇ ಥಾನಿನ ಕೆಂಪು ಕಪ್ಪು ಚೌಕಳಿ ಬಟ್ಟೆಯಲ್ಲಿ ಅಂಗಿ ಹೊಲಿದುಕೊಡುತ್ತಿದ್ದ ಹೆಲ್ಮಿ ಮಾತ್ರ, ಒಳ್ಳೆ ಅಂಗಿ ಹಾಳು ಮಾಡ್ತೀರಲ್ಲ ಎಂದು ಗೊಣಗುತ್ತಿದ್ದಳು.

ಈ ವರ್ಷ ಮಾರ್ಚಿನಲ್ಲಿ ಸುಲೋ ಬಾಗಿಲ ಮುಂದಿನ ಹಿಮ ಎತ್ತುತ್ತಿದ್ದವನು ಸಲಿಕೆಗೆ ಒರಗಿ ನಿಂತ, ಮೆಟ್ಟಿಲ ಮೇಲೆ ಕೂತ, ಮತ್ತೆ ಏಳಲಿಲ್ಲ.

ಸೆಪ್ಟೆಂಬರ್ ಬಂದಾಗ ಆರ್ವೋ ದಿನ ಎಣಿಸತೊಡಗಿದ. ಅಣ್ಣನ ಹೆಸರಿನಲ್ಲಿ ಒಂದೇ ಒಂದು ಜಿಂಕೆ ಹೊಡೆಯಬೇಕು ಎಂದು ಅವನ ಸಮಾಧಿಯ ಮುಂದೆ ನಿಂತು ಹೇಳಿಬಿಟ್ಟಿದ್ದ. ಎಣಿಸಲು ಯಾರೂ ಇಲ್ಲ. ಬರ್ಚ್ ಮರವೇ ಕಾಣದವನಿಗೆ ಅದರ ಎಡ ಯಾವುದು, ಬಲ ಯಾವುದು? ದುರ್ಬೀನಿನಲ್ಲಿ ನೋಡಿದರೆ ಜಿಂಕೆ ಆ ಮಚ್ಚೆಗಿಂತ ದೊಡ್ಡದಾಗಿ ಕಂಡೀತು ಎಂದು ಲೆಕ್ಕ ಹಾಕಿ, ರೈಫಲ್ಲನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಊರು ನೋಡಬಾರದೆಂದು ಹಿಂಬಾಗಿಲಿನಿಂದ ಕ್ಲೈಡ್ ಟ್ರೆವಾರೋನ ಅಂಗಡಿ ಹೊಕ್ಕ.

ಕ್ಲೈಡನ ಅಂಗಡಿಯಲ್ಲಿ ಮುಂದುಗಡೆ ಬಂದೂಕು ರಿಪೇರಿ, ಹಿಂದುಗಡೆ ಸತ್ತ ಪ್ರಾಣಿಗಳ ತಲೆ ತುಂಬುವ ಕೆಲಸ. ಬಂದೂಕಿಗೆ ದುರ್ಬೀನು ಕೂರಿಸುವ ಕಬ್ಬಿಣದ ಪಟ್ಟಿಗೂ ಅಲ್ಲಿ ಮೌಂಟು ಎನ್ನುತ್ತಾರೆ, ಗೋಡೆಗೆ ತೂಗುಹಾಕುವ ಜಿಂಕೆಯ ತಲೆಗೂ ಮೌಂಟು ಎನ್ನುತ್ತಾರೆ. ಇವತ್ತಿನವರೆಗೂ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಆರ್ವೋ ಪಿಸುದನಿಯಲ್ಲಿ, "ಕ್ಲೈಡ್, ನನಗೊಂದು ಮೌಂಟು ಬೇಕು. ಯಾರಿಗೂ ಗೊತ್ತಾಗಬಾರದು," ಎಂದ.

ಕ್ಲೈಡ್ ಕಂಬಳಿ ಬಿಚ್ಚಿ, ರೈಫಲ್ಲಿನ ನಳಿಗೆಯ ತುದಿಯನ್ನೊಮ್ಮೆ ನೋಡಿ, ಬೇಗನೆ ಬೇರೆಡೆ ಮುಖ ತಿರುಗಿಸಿದ. ಆಮೇಲೆ ಮೂರು ಬಗೆಯ ಪಟ್ಟಿಗಳನ್ನು ಮೇಜಿನ ಮೇಲಿಟ್ಟು ಮೂರನ್ನೂ ಬೈಯಲು ಕೂತ. ಈ ರೈಫಲ್ಲಿಗೆ ತೋಟಾ ತುಂಬುವುದೂ ಮೇಲಿಂದ, ತಗಡು ಉಗಿಯುವುದೂ ಮೇಲಿಂದ. ಹಾಗಾಗಿ ದುರ್ಬೀನು ನೆತ್ತಿಯ ಮೇಲೆ ಕೂರುವಂತಿಲ್ಲ. ಎಡಬದಿಗೆ ಕೂರಿಸುವ ಪಟ್ಟಿ ಬೇಕೆಂದರೆ ಉಕ್ಕಿಗೆ ತೂತು ಕೊರೆಯಬೇಕು, ಅಪ್ಪನ ಕಾಲದ ಮಾಲಿಗೆ ಬೈರಿಗೆ ಇಡುವುದು ಪಾಪ. ತೂತಿಲ್ಲದೆ ತಿರುಪಿನಿಂದ ಬಿಗಿಯುವುದು ಹತ್ತು ಈಡಿಗೆ ಸಡಿಲವಾಗುತ್ತದೆ, ಅದೂ ಅಲ್ಲದೆ ಕೆನ್ನೆ ಹಿಡಿಗೆ ತಾಗುವುದಿಲ್ಲ, ಕತ್ತು ನೀಡಿ ನೋಡಬೇಕು. ಮೂರನೆಯದು ನಳಿಗೆಯ ಮೇಲೆ ಮುಂದಕ್ಕೆ ಕೂರುವಂಥದ್ದು, ಅಷ್ಟು ದೂರದ ದುರ್ಬೀನಿನಲ್ಲಿ ಎಳೆಯ ಕಣ್ಣಿಗೇ ಕಷ್ಟ. ಅಂಗಡಿಯವನೊಬ್ಬ ತನ್ನ ಸರಕನ್ನು ತಾನೇ ಇಷ್ಟು ಹೀಗಳೆದದ್ದು ಆ ಊರಿನ ಚರಿತ್ರೆಯಲ್ಲಿ ಮೊದಲು. ಕೊನೆಗೆ ರೈಫಲ್ ಇಲ್ಲೇ ಇರಲಿ, ಗುರುವಾರ ಬಾ, ಯೋಚಿಸೋಣ ಎಂದು, ಬಾಕಿ ಕೆಲಸ ಬರೆಯುವ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ: ಆರ್ವೋ, ಮೌಂಟು.

ಅರ್ಧ ಗಂಟೆಯಲ್ಲಿ ಅದನ್ನು ಆರ್ವೋನ ಪಕ್ಕದ ಮನೆಯ ವೆರ್ನರ್ ಪೆಸೋನೆನ್ ಓದಿದ.

ವೆರ್ನರ್ ಶಿಕಾರಿ ಮನೆಯ ಸಂಗಾತಿ, ಒಳ್ಳೆಯವನು, ಆದರೆ ಅವನ ಹೊಟ್ಟೆಯಲ್ಲಿ ನೀರು ನಿಂತರೂ ಸುದ್ದಿ ನಿಲ್ಲುವುದಿಲ್ಲ. ಬೆಳಿಗ್ಗೆ ಆರ್ವೋ ಕಂಬಳಿಯಲ್ಲಿ ಏನನ್ನೋ ಸುತ್ತಿಕೊಂಡು ಹಿತ್ತಲಿನಿಂದ ಹೋದದ್ದನ್ನು ಕಂಡಿದ್ದ. ಈಗ ಹಲಗೆಯನ್ನೂ ಕಂಡ. ಶಿಕಾರಿಯ ಕಾಲ ಶುರುವಾಗಲು ಇನ್ನೂ ಏಳು ವಾರ ಇರುವಾಗಲೇ ಆರ್ವೋ ಕಳ್ಳತನದಲ್ಲಿ ಜಿಂಕೆ ಹೊಡೆದಿದ್ದಾನೆ, ತಲೆ ತುಂಬಿಸುತ್ತಿದ್ದಾನೆ ಎಂದ ಮೇಲೆ ಅದು ಚಿಕ್ಕ ಜಿಂಕೆಯಾಗಿರಲು ಸಾಧ್ಯವೇ?

ಶನಿವಾರದ ಸೌನಾದಲ್ಲಿ ಆ ಜಿಂಕೆಯ ಕೊಂಬಿಗೆ ಎಂಟು ಕವಲಿದ್ದವು. ಭಾನುವಾರ ಚರ್ಚಿನ ಕಾಫಿ ಹೊತ್ತಿಗೆ ಹನ್ನೆರಡಾದವು. ಪಾದ್ರಿಗಳು ಎಲ್ಲದಕ್ಕೂ ಒಂದು ಕಾಲವಿದೆ ಎಂಬುದರ ಮೇಲೆ ಉಪದೇಶ ಮಾಡಿ, ನಡುನಡುವೆ ಮೂರನೆಯ ಸಾಲಿನ ಕಡೆ ನೋಡಿದರು. ಅವರ ಮುಖ ಕಾಣದ ಆರ್ವೋ ಉಪದೇಶ ಚೆನ್ನಾಗಿತ್ತೆಂದು ಕೈ ಕುಲುಕಿ ಬಂದ. ಸೋಮವಾರ ಮೂವರು ಬಂದು ಒಂದಿಷ್ಟು ಮಾಂಸ ಕೊಡು, ನಾವೇನೂ ಬಾಯಿಬಿಡುವುದಿಲ್ಲ ಎಂದರು. ಅವರು ಏನು ಹೇಳುತ್ತಿದ್ದಾರೆಂದು ಆರ್ವೋಗೆ ಅರ್ಥವಾಗಲು ಹೆಲ್ಮಿಯೇ ಬರಬೇಕಾಯಿತು. ನಲವತ್ತಾರು ವರ್ಷ ಸಂಸಾರ ಮಾಡಿದವಳಿಗೆ ಹೇಳದೆ ಜಿಂಕೆ ಹೊಡೆದೆಯಲ್ಲ, ಕ್ಲೈಡನ ಹತ್ತಿರ ಮೌಂಟು ಮಾಡಿಸುತ್ತಿದ್ದೀಯಂತಲ್ಲ, ನಿಜವಾ ಎಂದು ಅವಳು ಹಿಟ್ಟಿನ ಕೈಯಲ್ಲೇ ನಿಂತು ಕೇಳಿದಳು.

ಆರ್ವೋಗೆ ಈಗ ಎರಡೇ ದಾರಿ. ಅದು ತಲೆಯ ಮೌಂಟಲ್ಲ, ದುರ್ಬೀನಿನ ಮೌಂಟು ಎನ್ನಬೇಕು. ಇಲ್ಲವೇ ಕಳ್ಳ ಎನ್ನಿಸಿಕೊಳ್ಳಬೇಕು. ದುರ್ಬೀನು ಎಂದರೆ ಕಣ್ಣಿನ ಮಾತು ಬರುತ್ತದೆ, ಕಣ್ಣಿನ ಮಾತು ಬಂದರೆ ಬಂದೂಕು ಕಸಿಯುತ್ತಾರೆ, ಶಿಕಾರಿ ಮನೆಯಲ್ಲಿ ಒಲೆಯ ಮುಂದೆ ಕೂರಿಸುತ್ತಾರೆ, ಸುಲೋನ ಬೆಂಚಿಗೆ ಯಾರನ್ನೋ ಕಳಿಸುತ್ತಾರೆ. ಆ ಬೆಂಚನ್ನು ಬಿಡುವುದು ಅವನಿಂದ ಆಗದು. ಕತ್ತನ್ನು ಓರೆ ಮಾಡಿ ಹೆಂಡತಿಯ ಮುಖದ ಒಂದು ಅಂಚನ್ನು ನೋಡಿ, ಹೌದು ಎಂದ.

ಹೆಲ್ಮಿ ತಿರುಗಿ ಹಿಟ್ಟು ನಾದಲು ಹೋದಳು. ಆ ಸಂಜೆ ಏಲಕ್ಕಿ ಬ್ರೆಡ್ಡು ಕಲ್ಲಾಯಿತು.

ಮಂಗಳವಾರ ಅರಣ್ಯ ಇಲಾಖೆಯ ಆಫೀಸರ್ ಶೆರಿಲ್ ಲಾಜೋಯ್ ಬಂದಳು. ಅವಳು ತೊಟ್ಟಿಲಲ್ಲಿದ್ದಾಗಿನಿಂದ ಆರ್ವೋಗೆ ಗೊತ್ತು, ಈಗ ಸೊಂಟದಲ್ಲಿ ಪಿಸ್ತೂಲು. ನೆಲಮಾಳಿಗೆಯ ಫ್ರೀಜರ್ ತೆರೆಯಿಸಿದಳು. ಹಣ್ಣು, ಮೀನು, ಕಣಕದೊಳಗೆ ಹೂರಣ ಮಡಿಸಿ ಬೇಯಿಸಿದ ಹನ್ನೊಂದು ಪಾಸ್ಟಿ ಸಿಕ್ಕವು. ಪಾಸ್ಟಿಯ ಒಳಗೇನು ಎಂದು ಕೇಳಿದಳು. ದನದ ಮಾಂಸ, ಆಲೂಗಡ್ಡೆ, ಈರುಳ್ಳಿ ಎಂದು ಹೆಲ್ಮಿ ಒಂದನ್ನು ಬಿಸಿ ಮಾಡಿಕೊಟ್ಟಳು. ಸರ್ಕಾರ ಅದನ್ನು ಪೂರ್ತಿ ತಿಂದು ಪರೀಕ್ಷಿಸಿತು.

ಎಲ್ಲಿ ಹೊಡೆದಿರಿ ಎಂದರೆ ಆರ್ವೋ ಜೌಗಿನ ಹತ್ತಿರ ಎಂದ. ದೇಹ ಎಲ್ಲಿ ಎಂದರೆ ತೋಳ ಹೊತ್ತೊಯ್ದಿತು ಎಂದ. ತಲೆ ಬಿಟ್ಟು ಉಳಿದದ್ದನ್ನು ಮಾತ್ರ ಒಯ್ದ ತೋಳದ ಬಗ್ಗೆ ಲಾಜೋಯ್ ಚೀಟಿಯಲ್ಲಿ ಏನೋ ಬರೆದುಕೊಂಡಳು. ತಪ್ಪು ಮಾಡದೆಯೇ ಇಷ್ಟು ಶ್ರದ್ಧೆಯಿಂದ ತಪ್ಪೊಪ್ಪಿಕೊಂಡ ಮನುಷ್ಯ ಅವಳ ಕೆಲಸದಲ್ಲಿ ಹಿಂದೆ ಸಿಕ್ಕಿರಲಿಲ್ಲ. ಕಡೆಗೆ ತಲೆಯನ್ನು ಜಪ್ತಿ ಮಾಡೋಣ ನಡೆಯಿರಿ ಎಂದು ಅವನನ್ನು ಇಲಾಖೆಯ ಗಾಡಿಯಲ್ಲಿ ಕೂರಿಸಿಕೊಂಡಳು. ಹೆಲ್ಮಿ ತಾನೂ ಹತ್ತಿದಳು. ವೆರ್ನರ್ ಕರೆಯದಿದ್ದರೂ ತನ್ನ ಗಾಡಿಯಲ್ಲಿ ಹಿಂದೆ ಬಂದ.

ಅಂಗಡಿಯಲ್ಲಿ ಲಾಜೋಯ್ ಹಲಗೆಯ ಮೇಲಿನ ಬರಹಕ್ಕೆ ಬೆರಳಿಟ್ಟು, ಆ ಮೌಂಟು ತೆಗೆಯಿರಿ ಎಂದಳು. ಕ್ಲೈಡ್ ಮೂರು ಕಬ್ಬಿಣದ ಪಟ್ಟಿ ತಂದು ಇಟ್ಟ. ಇದಲ್ಲ, ಆರ್ವೋನದು ಎಂದಳು. ಇದೇ ಆರ್ವೋನದು, ಯಾವುದು ಬೇಕೆಂದು ಅವನಿನ್ನೂ ಹೇಳಿಲ್ಲ ಎಂದು ಕ್ಲೈಡ್ ರೈಫಲ್ಲನ್ನೂ ತಂದು ಪಕ್ಕದಲ್ಲಿಟ್ಟ.

ಕೊಂಬಿನ ಹನ್ನೆರಡು ಕವಲೂ ಅಲ್ಲೇ ಉದುರಿದವು. ವೆರ್ನರ್ ಮೇಜು ಹಿಡಿದುಕೊಂಡು ನಕ್ಕ. ದುರ್ಬೀನು! ನಿಸ್ಕನೆನ್‌ಗೆ ದುರ್ಬೀನು! ಕಣ್ಣಿಲ್ಲದವರಿಗೆ ಅಂತ ನಲವತ್ತು ವರ್ಷ ನಮ್ಮ ತಲೆ ತಿಂದೆಯಲ್ಲೋ ಎಂದು ಕಣ್ಣೀರು ಬರುವಷ್ಟು ನಕ್ಕ. ಆರ್ವೋ ಅವನ ನಗುವಿನ ದಿಕ್ಕಿಗೆ ಮುಖ ಮಾಡಿ ನಿಂತಿದ್ದ.

ಲಾಜೋಯ್ ನಗಲಿಲ್ಲ. ರೈಫಲ್ ಎತ್ತಿಕೊಂಡು ಖಾಲಿಯಿದೆಯೇ ಎಂದು ನೋಡಿದಳು, ಭುಜಕ್ಕಿಟ್ಟು ಗೋಡೆಯ ಕಡೆ ಗುರಿ ಹಿಡಿದಳು, ಇಳಿಸಿದಳು, ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲು ನಿಲ್ಲಿಸಿದ ಉಕ್ಕಿನ ಮೊಳೆಯನ್ನು ಬೆರಳಿನಿಂದ ಅಳೆದಳು. ಇದು ಇರಬೇಕಾದ್ದಕ್ಕಿಂತ ಕಿರುಬೆರಳ ಅಗಲದಷ್ಟು ಎತ್ತರ ಇದೆ, ಇದನ್ನು ನೆಚ್ಚಿ ಹೊಡೆದರೆ ಗುಂಡು ಜಿಂಕೆ ಮುಟ್ಟುವ ಮೊದಲೇ ನೆಲ ಸೇರುತ್ತೆ ಎಂದಳು. ಇದರಲ್ಲಿ ನೀವು ಹೇಗೆ ಹೊಡೆದಿರಿ ಎಂದು ಕೇಳಿದಳು.

ನಾಲ್ಕು ಹೊಡೆದಿದ್ದೀನಿ, ಗೋಡೆ ಮೇಲಿವೆ ಎಂದು ಆರ್ವೋ ಮೊಟಕಾಗಿ ಹೇಳಿದ.

ಕ್ಲೈಡ್ ಕೈಗೆ ಅಂಟಿದ್ದ ಎಣ್ಣೆಯನ್ನು ಬಟ್ಟೆಗೆ ಒರೆಸಿದ. ಒರೆಸಿದ ಕೈಯನ್ನೇ ಮತ್ತೆ ಒರೆಸಿದ.

"ಆ ಮೊಳೆ ಮಾಡಿಕೊಟ್ಟಿದ್ದು ನಾನು ಆರ್ವೋ. ನಾಲ್ಕು ವರ್ಷದ ಹಿಂದೆ. ಸುಲೋ ಮಾಡಿಸ್ಕೊಂಡ."

ಕ್ಲೈಡ್ ನೆಲ ನೋಡುತ್ತ ಹೇಳುತ್ತ ಹೋದ. ಡಾಕ್ಟರ ಹತ್ತಿರ ಹೋಗಿ ಬಂದ ವಾರವೇ ಸುಲೋ ಈ ರೈಫಲ್ ತಂದಿದ್ದನಂತೆ. ತಮ್ಮನಿಗೆ ಕಾಣುವುದಿಲ್ಲ, ಅವನ ಗುಂಡು ಯಾರಿಗೂ ತಾಗದೆ ಎದುರಿನ ಮಣ್ಣಿಗೆ ಹೋಗುವ ಹಾಗೆ ಮಾಡಿಕೊಡು ಎಂದನಂತೆ. ಮಿಕ್ಕದ್ದನ್ನು ನಾನು ನೋಡಿಕೊಳ್ಳುತ್ತೇನೆ ಎಂದನಂತೆ. ಕೋಲ್ಮೆಗೆ ಇಬ್ಬರೂ ಒಟ್ಟಿಗೆ ಕುದುರೆ ಎಳೆಯುತ್ತಿದ್ದರು. ಕಿವಿಗೆ ಮುಚ್ಚಿಗೆ ಹಾಕಿಕೊಂಡವನಿಗೆ ಎರಡು ಈಡು ಒಂದೇ ಆಗಿ ಕೇಳುತ್ತಿತ್ತು.

ಆರ್ವೋಗೆ ಒಂದೊಂದೇ ನೆನಪಾಯಿತು. ಈಡಾದೊಡನೆ ಎದುರಿಗೆ ಮಣ್ಣು ಹಾರಿದ ಹಾಗಾಯಿತಲ್ಲ ಎಂದರೆ ಜಿಂಕೆ ಕಾಲು ಕೆದರಿತು ಎನ್ನುತ್ತಿದ್ದ ಸುಲೋ. ಜಿಂಕೆ ಬಿದ್ದ ಕಡೆ ತಾನೇ ಮೊದಲು ಓಡಿ, ನೀನು ಹೋಗಿ ಕಾಫಿ ತಾ, ಚರ್ಮ ನಾನು ಬಿಡಿಸುತ್ತೇನೆ ಎನ್ನುತ್ತಿದ್ದ ಸುಲೋ. ಬೆನ್ನು ತಿರುಗಿಸಿಕೊಂಡು, ಕತ್ತರಿಗೆ ಅಂಗಿ ಕೊಟ್ಟು ನಿಂತ ಸುಲೋ.

"ನನಗೆ ಹೇಳಬಹುದಿತ್ತಲ್ಲ," ಎಂದ ಆರ್ವೋ.

"ನಾನೂ ಅದನ್ನೇ ಕೇಳ್ದೆ," ಎಂದ ಕ್ಲೈಡ್. "ಹೇಳಿದ್ರೆ ಅವನು ಬರೋದೇ ಬಿಟ್ಬಿಡ್ತಾನೆ, ನನಗೆ ಒಬ್ಬನೇ ಕೂತು ಅಭ್ಯಾಸ ಇಲ್ಲ ಅಂದ."

ಲಾಜೋಯ್ ಚೀಟಿ ಪುಸ್ತಕ ಮುಚ್ಚಿದಳು. ಒಬ್ಬ ಹೊಡೆದದ್ದನ್ನು ಇನ್ನೊಬ್ಬನ ಹೆಸರಿಗೆ ಹಾಕುವುದೂ ತಪ್ಪೇ, ಆದರೆ ಇಂಜಿನ್ ಚಾಲೂ ಬಿಟ್ಟು ಬಂದಿದ್ದೇನೆ, ಹಾಗಾಗಿ ನನಗೇನೂ ಕೇಳಿಸಲಿಲ್ಲ ಎಂದು ಹೊರಗೆ ಹೋದಳು. ಇಂಜಿನ್ ಚಾಲೂ ಇರಲಿಲ್ಲ. ವೆರ್ನರ್ ಗೋಡೆಯ ಮೇಲಿದ್ದ ಒಂದು ಬಾತುಕೋಳಿಯನ್ನು ನೋಡುತ್ತ ನಿಂತಿದ್ದ.

ಹೆಲ್ಮಿ ಗಂಡನ ತೋಳು ಹಿಡಿದಳು. ಕಣ್ಣಿನ ವಿಷಯ ತನಗೂ ಗೊತ್ತು, ಮೂರು ವರ್ಷದಿಂದ ಕಪ್ಪಿನ ಪಕ್ಕಕ್ಕೆ ಸುರಿದ ಕಾಫಿ ಒರೆಸುತ್ತಿರುವವಳು ತಾನೇ ಎಂದಳು. ಆದರೆ ಬಂದೂಕಿನ ವಿಷಯ ಗೊತ್ತಿರಲಿಲ್ಲ ಎಂದಳು. ಸುಲೋನ ಕತ್ತರಿಸಿದ ಅಂಗಿಗಳಿಗೆ ಅಂಚು ಹೊಲಿದು ಕೊಡುತ್ತಿದ್ದೆ, ಆಗಲೂ ಅವನು ಬಾಯಿಬಿಡಲಿಲ್ಲ ಎಂದು ಅಲ್ಲೇ ಅತ್ತುಬಿಟ್ಟಳು.

ಕ್ಲೈಡ್ ಹಲಗೆ ಒರೆಸಲು ಹೋದ. ಆರ್ವೋ ಬೇಡ, ಇರಲಿ ಎಂದ.

ಮಾರನೆಯ ಬೆಳಿಗ್ಗೆ ಅವನು ಹೆಲ್ಮಿಯ ಗಾಡಿಯಲ್ಲಿ ನಾಲ್ಕು ಜಿಂಕೆಯ ತಲೆಗಳನ್ನು ಹೇರಿಕೊಂಡು, ಈ ಸಲ ಮುಂಬಾಗಿಲಿನಿಂದಲೇ ಬಂದ. ಊರೆಲ್ಲ ನೋಡಿತು. ಫಲಕ ಬದಲಾಯಿಸಿಕೊಡು ಎಂದ. ಏನು ಕೆತ್ತಲಿ ಎಂದು ಕ್ಲೈಡ್ ಪೆನ್ಸಿಲ್ ಹಿಡಿದ. ಆರ್ವೋ ರಾತ್ರಿಯಿಡೀ ಯೋಚಿಸಿಟ್ಟಿದ್ದ.

"ಸುಲೋ ನಿಸ್ಕನೆನ್ ಅಂತ ಬರಿ. ಕೆಳಗೆ, ದುರ್ಬೀನಿನಿಂದ ಅಂತ ಬರಿ. ಅದರ ಕೆಳಗೆ, ತಮ್ಮ ಪಕ್ಕದಲ್ಲಿದ್ದ ಅಂತ ಬರಿ."

ಫಲಕ ಚಿಕ್ಕದು, ಮೂರು ಸಾಲು ಹಿಡಿಸುವುದಿಲ್ಲ ಎಂದು ಕ್ಲೈಡ್ ಹೇಳಬೇಕೆಂದಿದ್ದ. ಹೇಳಲಿಲ್ಲ. ದೊಡ್ಡ ಫಲಕಗಳನ್ನು ತರಿಸಿದ.

ನವೆಂಬರ್ ಹದಿನಾಲ್ಕರ ಸಂಜೆ ಶಿಕಾರಿ ಮನೆಗೆ ಎಲ್ಲರೂ ಬಂದು ಸೇರಿದ್ದರು. ಕೊನೆಗೆ ಬಂದ ಆರ್ವೋನ ಕೈಯಲ್ಲಿ ರೈಫಲ್ ಇರಲಿಲ್ಲ, ಅಡುಗೆಯ ದೊಡ್ಡ ಪಾತ್ರೆ ಇತ್ತು. ಮನುಷ್ಯ ಮಾತ್ರ ವಿಪರೀತ ಊದಿಕೊಂಡಿದ್ದ. ಏನೋ ಇದು, ಹೆಲ್ಮಿ ಇಷ್ಟೊಂದು ತಿನ್ನಿಸ್ತಾಳಾ ಎಂದು ವೆರ್ನರ್ ತಮಾಷೆ ಮಾಡಿದ. ಆರ್ವೋ ಕೋಟು ಬಿಚ್ಚಿದ. ಒಳಗೆ ಕೆಂಪು ಕಪ್ಪು ಚೌಕಳಿ ಅಂಗಿ. ಅದರೊಳಗೆ ಇನ್ನೊಂದು. ಅದರೊಳಗೆ ಮತ್ತೊಂದು. ನಾಲ್ಕು ವರ್ಷ ಹೆಲ್ಮಿ ಹೊಲಿದುಕೊಟ್ಟ ನಾಲ್ಕು ಅಂಗಿಗಳನ್ನೂ ಒಂದರ ಮೇಲೊಂದು ಹಾಕಿಕೊಂಡು ಬಂದಿದ್ದ. ಒಂದರ ತುದಿಯೂ ಹರಿದಿರಲಿಲ್ಲ.

ಮೊಳೆಗೆ ತೂಗುಹಾಕಿದ್ದ ಕತ್ತರಿಯನ್ನು ತಡವಿ ತೆಗೆದು ವೆರ್ನರನ ಕಡೆ ಚಾಚಿ, ಬೆನ್ನು ತಿರುಗಿಸಿ ನಿಂತ. ವೆರ್ನರ್ ಕತ್ತರಿ ಹಿಡಿದುಕೊಂಡ, ಕೈ ಏಳಲಿಲ್ಲ. ಬಿಡೋ, ಆಗಿದ್ದು ಆಗಿಹೋಯಿತು ಎಂದ.

"ನಾನು ಕತ್ತರಿಸುವಾಗ ಅವನು ಒಂದು ಮಾತೂ ಆಡಲಿಲ್ಲ ಕಣೋ," ಎಂದ ಆರ್ವೋ. "ನೀನೂ ಆಡಬೇಡ. ಕತ್ತರಿಸು."

ವೆರ್ನರ್ ನಾಲ್ಕೂ ಕತ್ತರಿಸಿದ. ಬಟ್ಟೆ ದಪ್ಪ, ಹೊತ್ತು ಹಿಡಿಯಿತು. ಯಾರೂ ನಗಲಿಲ್ಲ. ತುಂಡುಗಳನ್ನು ಆರ್ವೋ ತಾನೇ ಗೋಡೆಗೆ, ಸುಲೋನ ನಾಲ್ಕರ ನಡುನಡುವೆ, ಬೆರಳಿನಿಂದ ಜಾಗ ಹುಡುಕಿ ಹುಡುಕಿ ಮೊಳೆ ಹೊಡೆದ. ಎರಡು ಸಲ ಹೆಬ್ಬೆರಳಿಗೆ ಹೊಡೆದುಕೊಂಡ. ಆಮೇಲೆ ಕತ್ತನ್ನು ಓರೆ ಮಾಡಿ, ಕಣ್ಣಂಚಿನಿಂದ ಗೋಡೆಯನ್ನು ತುಂಬಾ ಹೊತ್ತು ನೋಡಿದ. ಎಂಟರಲ್ಲಿ ಯಾವುದು ಅಣ್ಣನದು, ಯಾವುದು ತನ್ನದು ಎಂದು ಅವನಿಗೆ ತಿಳಿಯಲಿಲ್ಲ.